ಬೆಂಕಿಗೆ ಇಳಿದವರ ಋಣ: ಯಹೂದಿ ಶಾಸ್ತ್ರದ ಕಷ್ಟದ ಪ್ರಶ್ನೆಗಳು

2001ರ ಸೆಪ್ಟೆಂಬರ್ 11. ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್‌ನ ಉತ್ತರ ಗೋಪುರಕ್ಕೆ ವಿಮಾನ ಬಡಿದಾಗ ಏಬ್ ಝೆಲ್ಮನೋವಿಟ್ಸ್ 27ನೇ ಮಹಡಿಯಲ್ಲಿದ್ದರು. ಬ್ರೂಕ್ಲಿನ್‌ನ ಸಂಪ್ರದಾಯಸ್ಥ ಯಹೂದಿ. ವಯಸ್ಸು 55. ಆರೋಗ್ಯ ವಿಮಾ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ವಿಮಾನ ಬಡಿದದ್ದು 90ನೇ ಮಹಡಿಗಿಂತಲೂ ಮೇಲೆ. ಮೆಟ್ಟಿಲಿಳಿದು ಹೊರಗೆ ಹೋಗಲು ಬೇಕಾದಷ್ಟು ಹೊತ್ತಿತ್ತು. ಅವರು ಹೋಗಲಿಲ್ಲ. ಅದೇ ಮಹಡಿಯಲ್ಲಿ ಗೆಳೆಯ ಎಡ್ ಬೆಯಾ ಇದ್ದರು. ಕೈಕಾಲು ಸ್ವಾಧೀನವಿಲ್ಲದೆ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಮನುಷ್ಯ. ಲಿಫ್ಟ್ ನಿಂತಿತ್ತು. ಎಡ್ ಅವರ ಆರೈಕೆಗಿದ್ದ ಹೆಂಗಸಿಗೆ "ನೀವು ಹೊರಡಿ, ನಾನಿದ್ದೇನೆ" ಎಂದು ಹೇಳಿ ಕಳಿಸಿ, ಏಬ್ ಅಲ್ಲೇ ಉಳಿದರು.

ಎಂಜಿನ್ 21 ಎಂಬ ಅಗ್ನಿಶಾಮಕ ತುಕಡಿಯ ಕ್ಯಾಪ್ಟನ್ ವಿಲಿಯಂ ಬರ್ಕ್ ತಮ್ಮ ತಂಡದ ಜೊತೆ ಆ ಮಹಡಿಗೆ ಹತ್ತಿ ಬಂದಿದ್ದರು. 9:59ಕ್ಕೆ ಪಕ್ಕದ ದಕ್ಷಿಣ ಗೋಪುರ ಕುಸಿಯಿತು. ಬರ್ಕ್ ತಮ್ಮ ತಂಡದವರಿಗೆ ಕೆಳಗಿಳಿಯಲು ಹೇಳಿದರು. ತಾವು ಮಾತ್ರ ಈ ಇಬ್ಬರ ಹತ್ತಿರ ಉಳಿದರು. 10:28ಕ್ಕೆ ಉತ್ತರ ಗೋಪುರವೂ ಬಿತ್ತು. ಮೂವರೂ ಹೋದರು.

ಅಂದು ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ 343 ಮಂದಿ ಸತ್ತರು. ಇಂಥ ಸಾವಿನ ಮುಂದೆ ಯಾವ ಧರ್ಮವಾದರೂ ತಲೆ ಬಾಗಿಸುತ್ತದೆ. ಯಹೂದಿ ಪರಂಪರೆಯೂ ಬಾಗಿಸುತ್ತದೆ. ಆದರೆ ಅದಕ್ಕೂ ಮೊದಲು ಒಂದು ತಕರಾರು ತೆಗೆಯುತ್ತದೆ: ಇನ್ನೊಬ್ಬನಿಗಾಗಿ ತನ್ನ ಪ್ರಾಣ ಕೊಡಲು ಇವನಿಗೆ ಅನುಮತಿ ಇತ್ತೇ? ಕೇಳಲು ಒರಟು, ಅಲ್ವಾ? ಆದರೆ ಈ ತಕರಾರಿನ ಬೆನ್ನು ಹತ್ತಿ ಹೋದರೆ ಬಹಳ ಗಟ್ಟಿ ವಿಷಯಗಳು ಸಿಗುತ್ತವೆ. ನನ್ನ ಪ್ರಕಾರ ಅವುಗಳಲ್ಲಿ ಜಾಸ್ತಿ ಪಾಲು ಬೆಂಕಿಯೊಳಗೆ ಹೋದವರಿಗೆ ಹೇಳಿದ್ದಲ್ಲ, ಹೊರಗೆ ನಿಂತವರಿಗೆ ಹೇಳಿದ್ದು.

ಮೊದಲು ಎರಡು ಸಾಲು ಗೊತ್ತಿರಬೇಕು. ಎರಡೂ ಮೋಶೆಯ ಐದು ಗ್ರಂಥಗಳಲ್ಲಿ ಮೂರನೆಯದಾದ ಯಾಜಕಕಾಂಡದಲ್ಲಿವೆ. 19ನೇ ಅಧ್ಯಾಯ ಹೇಳುತ್ತದೆ: ನೆರೆಯವನ ರಕ್ತ ಹರಿಯುವಾಗ ಸುಮ್ಮನೆ ನಿಲ್ಲಬೇಡ. ಹಳೆಯ ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ಟಾಲ್ಮಡ್ ಇದನ್ನು ಬಿಡಿಸುತ್ತದೆ. ಒಬ್ಬ ನದಿಯಲ್ಲಿ ಮುಳುಗುತ್ತಿದ್ದರೆ, ಕಾಡುಪ್ರಾಣಿ ಎಳೆಯುತ್ತಿದ್ದರೆ, ದರೋಡೆಕೋರರು ಮೇಲೆ ಬಿದ್ದರೆ ಅವನನ್ನು ಉಳಿಸಲೇಬೇಕು. ನಿನ್ನ ಕೈಲಾಗದಿದ್ದರೆ ದುಡ್ಡು ಕೊಟ್ಟು ಆಳು ಕರೆಸು. ದುಡ್ಡಿನ ಈ ಮಾತನ್ನು ನೆನಪಿಡಿ. ಊರಿಗೊಂದು ಅಗ್ನಿಶಾಮಕ ದಳ ಇಡುವುದಕ್ಕೆ ಇದಕ್ಕಿಂತ ಹಳೆಯ ಆಧಾರ ಹುಡುಕುವುದು ಕಷ್ಟ.

ಇನ್ನೊಂದು ಸಾಲು 18ನೇ ಅಧ್ಯಾಯದ್ದು. ಈ ನಿಯಮಗಳನ್ನು ಪಾಲಿಸುವವನು ಅವುಗಳಿಂದ ಬದುಕುತ್ತಾನೆ. ಬದುಕುತ್ತಾನೆ, ಸಾಯುವುದಿಲ್ಲ ಎಂದು ಪಂಡಿತರು ಒತ್ತಿ ಹೇಳಿದರು. ಹಾಗಾಗಿ ಜೀವ ಉಳಿಸುವ ಪ್ರಶ್ನೆ ಬಂದರೆ ಉಳಿದ ನಿಯಮಗಳೆಲ್ಲ ಹಿಂದೆ ಸರಿಯುತ್ತವೆ. ವಿಗ್ರಹಾರಾಧನೆ, ಕೊಲೆ, ನಿಷಿದ್ಧ ಲೈಂಗಿಕ ಸಂಬಂಧ, ಈ ಮೂರು ಮಾತ್ರ ಸರಿಯುವುದಿಲ್ಲ. ಜೀವ ಉಳಿಸಲು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ಕಟ್ಟಳೆ ಮುರಿಯಬಹುದೇ ಎಂದರೆ, ಮುರಿಯಲೇಬೇಕು.

ಈಗ ತೊಡಕು ಬರುತ್ತದೆ. ಕಾಪಾಡಲು ಹೊರಟವನದೂ ಜೀವವೇ. ಒಂದು ಜೀವ ಉಳಿಸಲು ಇನ್ನೊಂದನ್ನು ಪಣಕ್ಕಿಟ್ಟರೆ ಲೆಕ್ಕ ಎಲ್ಲಿ ನಿಂತಿತು?

ಟಾಲ್ಮಡ್‌ನಲ್ಲಿ ಇದಕ್ಕೊಂದು ಹೆಸರಾಂತ ಉದಾಹರಣೆ ಇದೆ. ಇಬ್ಬರು ಮರುಭೂಮಿಯಲ್ಲಿ ನಡೆಯುತ್ತಿದ್ದಾರೆ. ಒಬ್ಬನ ಹತ್ತಿರ ಒಂದು ಹೂಜಿ ನೀರಿದೆ. ಇಬ್ಬರೂ ಕುಡಿದರೆ ಇಬ್ಬರೂ ಸಾಯುತ್ತಾರೆ. ಒಬ್ಬನೇ ಕುಡಿದರೆ ಊರು ಮುಟ್ಟುತ್ತಾನೆ. ಬೆನ್ ಪೆತುರಾ ಎಂಬವರು ಹೇಳಿದರು: ಇಬ್ಬರೂ ಕುಡಿದು ಸಾಯಲಿ, ಒಬ್ಬ ಇನ್ನೊಬ್ಬನ ಸಾವನ್ನು ನೋಡುವುದು ಬೇಡ. ಆಮೇಲೆ ರಬ್ಬಿ (ಯಹೂದಿ ಧರ್ಮಗುರು) ಅಕಿವಾ ಬಂದು ಬೇರೆ ಪಾಠ ಹೇಳಿದರು. "ನಿನ್ನ ಸಹೋದರ ನಿನ್ನೊಂದಿಗೆ ಬದುಕಲಿ" ಎಂದು ಗ್ರಂಥದಲ್ಲಿದೆ. ನಿನ್ನೊಂದಿಗೆ ಎಂದ ಮೇಲೆ ನಿನ್ನ ಜೀವ ಮೊದಲು. ಮುಂದಿನ ಶಾಸ್ತ್ರಕಾರರಲ್ಲಿ ಹೆಚ್ಚಿನವರು ಅಕಿವಾ ಮಾತಿಗೇ ನಿಂತರು. ಆದರೆ ಬೆನ್ ಪೆತುರಾ ಮಾತನ್ನು ಯಾರೂ ಅಳಿಸಿ ಹಾಕಲಿಲ್ಲ ನೋಡಿ. ಅದು ಇವತ್ತಿಗೂ ಪುಟದಲ್ಲೇ ಇದೆ.

ಖಚಿತವಾಗಿ ಸಾಯುತ್ತೇನೆ ಎಂದು ಗೊತ್ತಿರುವಾಗಿನ ಮಾತಾಯಿತು ಇದು. ಫೈರ್‌ಮನ್ ಕೆಲಸ ಹಾಗಲ್ಲ. ಅವನು ಹೋಗುವುದು ಸಾಯಲಿಕ್ಕಲ್ಲ, ಬಹುಪಾಲು ಸಲ ವಾಪಸ್ಸೂ ಬರುತ್ತಾನೆ. ಒಳಗಿರುವವನ ಸಾವು ಖಚಿತ, ಹೋಗುವವನ ಸಾವು ಅನುಮಾನ. ಆಗೇನು? ಟಾಲ್ಮಡ್‌ನ ಎರಡು ರೂಪಗಳಲ್ಲಿ ಒಂದಾದ ಜೆರುಸಲೇಮ್ ಟಾಲ್ಮಡ್‌ನ ಹೆಸರಲ್ಲಿ ಬಂದ ಒಂದು ಅಭಿಪ್ರಾಯದ ಪ್ರಕಾರ ಅವನು ಹೋಗಲೇಬೇಕು. 16ನೇ ಶತಮಾನದ ಜೋಸೆಫ್ ಕಾರೋ ತಮ್ಮ ವ್ಯಾಖ್ಯಾನಗಳಲ್ಲಿ ಇದನ್ನು ಉಲ್ಲೇಖಿಸಿದರು. ಆದರೆ ಯಹೂದಿ ಜಗತ್ತು ಇಂದಿಗೂ ಪಾಲಿಸುವ ತಮ್ಮ ನಿಯಮಸಂಗ್ರಹದಲ್ಲಿ ಅದನ್ನು ಸೇರಿಸದೆ ಬಿಟ್ಟರು.

ಅದೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ರಬ್ಬಿ ಡೇವಿಡ್ ಇಬ್ನ್ ಝಿಮ್ರಾ ಹತ್ತಿರ ಒಂದು ಭಯಾನಕ ಪ್ರಶ್ನೆ ಬಂತು. ಒಬ್ಬ ಅಧಿಕಾರಿ ಹೀಗೆ ಬೆದರಿಸಿದರೆ ಏನು ಮಾಡಬೇಕು: "ನಿನ್ನ ಒಂದು ಅಂಗ ಕಡಿಯಲು ಕೊಡು, ಇಲ್ಲದಿದ್ದರೆ ನಿನ್ನ ಜೊತೆಗಾರನನ್ನು ಕೊಲ್ಲುತ್ತೇನೆ"? ಕೊಟ್ಟರೆ ದೊಡ್ಡ ಮನಸ್ಸು, ಕೊಡಲೇಬೇಕೆಂಬ ಕಟ್ಟಳೆ ಇಲ್ಲ ಎಂದರು ಅವರು. ಆದರೆ ಕೊಡುವುದರಿಂದ ಪ್ರಾಣಕ್ಕೇ ಅಪಾಯ ಇದ್ದರೆ, ಕೊಡುವವನು ದೈವಭಕ್ತನಾದರೂ ಮೂರ್ಖ. ಇದು ಅವರದೇ ಕಟುಮಾತು. ಇನ್ನೊಂದು ಕಡೆ ತೂಕ ಹೀಗೆ ಹಾಕಿದರು: ಅಪಾಯ ಅರ್ಧಕ್ಕರ್ಧ ಇದ್ದರೆ ಹೋಗುವ ಕರ್ತವ್ಯ ಇಲ್ಲ. ಬದುಕುವ ಕಡೆಗೇ ಜಾಸ್ತಿ ವಾಲಿದ್ದರೂ ಹೋಗದೆ ಸುಮ್ಮನೆ ನಿಂತರೆ ತಪ್ಪಿತಸ್ಥ.

20ನೇ ಶತಮಾನದ ಹೊಸ್ತಿಲಲ್ಲಿ ಬೆಲಾರೂಸ್‌ನ ಯೆಖಿಯೆಲ್ ಮಿಖೆಲ್ ಎಪ್‌ಸ್ಟೈನ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಎಲ್ಲವನ್ನೂ ಸಂದರ್ಭ ನೋಡಿ ತಕ್ಕಡಿಯಲ್ಲಿಟ್ಟು ತೂಗು, ಆದರೆ ನಿನ್ನ ಮೈಯನ್ನು ಅತಿಯಾಗಿ ಜೋಪಾನ ಮಾಡಬೇಡ.

ಈ ಒಣ ಲೆಕ್ಕ ಬೆಂಕಿಯ ಮುಂದೆ ಹೇಗಿರುತ್ತದೆ ಎಂದು ನೋಡಬೇಕಾದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿಗೆ ಹೋಗಬೇಕು. 1999ರ ಡಿಸೆಂಬರ್ 3ರ ಸಂಜೆ ಅಲ್ಲಿನ ಹಳೆಯ ಕೋಲ್ಡ್ ಸ್ಟೋರೇಜ್ ಗೋದಾಮಿಗೆ ಬೆಂಕಿ ಬಿತ್ತು. ಪಾಳುಬಿದ್ದ ಕಟ್ಟಡ. ಕಿಟಕಿ ಇಲ್ಲವೇ ಇಲ್ಲ ಎನ್ನಬಹುದು. ಚಳಿ ಒಳಗೇ ಉಳಿಯಲೆಂದು ಗೋಡೆಗಳಿಗೆ ತುಂಬಿದ್ದ ಕಾರ್ಕ್ ಮತ್ತು ಡಾಂಬರು ಈಗ ಬೆಂಕಿಗೆ ಆಹಾರ. ಮನೆಯಿಲ್ಲದ ಇಬ್ಬರು ಒಳಗೆ ವಾಸ ಮಾಡುತ್ತಾರೆ ಎಂಬ ಸುದ್ದಿ ಬಂತು. ಇಬ್ಬರು ಫೈರ್‌ಮನ್‌ಗಳು ಹುಡುಕಲು ಹೋದರು. ಹೊಗೆಯಲ್ಲಿ ದಾರಿ ತಪ್ಪಿತು. ಸಿಲಿಂಡರ್‌ನ ಗಾಳಿ ಮುಗಿಯುತ್ತಿದೆ ಎಂದು ರೇಡಿಯೋದಲ್ಲಿ ಕೂಗಿದರು. ಅವರನ್ನು ಹುಡುಕಲು ಹೋದವರಲ್ಲಿ ಇನ್ನೂ ನಾಲ್ವರು ಹೊರಗೆ ಬರಲಿಲ್ಲ. ಮತ್ತಷ್ಟು ಜನ ಒಳಗೆ ನುಗ್ಗಲು ತಯಾರಾಗಿ ನಿಂತಿದ್ದರು. ಆಗ ಮೇಲಧಿಕಾರಿ ಮೈಕ್ ಮೆಕ್‌ನಮೀ ಬಾಗಿಲಿಗೆ ಅಡ್ಡ ನಿಂತು, ಇನ್ನು ಯಾರೂ ಹೋಗುವಂತಿಲ್ಲ ಎಂದುಬಿಟ್ಟರು.

ಮನೆಯಿಲ್ಲದ ಆ ಇಬ್ಬರು ಮೊದಲೇ ಹೊರಗೆ ಹೋಗಿದ್ದರು.

ಹಾಗಾದರೆ ಆರು ಜೀವ ಸುಮ್ನೆ ಹೋಯಿತೇ? ಸುಮಾರು 1,800 ವರ್ಷಗಳ ಹಿಂದೆ ಸಂಗ್ರಹವಾದ, ಟಾಲ್ಮಡ್‌ಗೆ ಬುನಾದಿಯಾದ ಮಿಷ್ನಾ ಎಂಬ ನಿಯಮಗ್ರಂಥದಲ್ಲಿ ಇದಕ್ಕೆ ಉತ್ತರ ಇದೆ. ಸಬ್ಬತ್ ದಿನ ಒಬ್ಬನ ಮೇಲೆ ಕಟ್ಟಡ ಕುಸಿದಿದೆ. ಅವನು ಅಲ್ಲಿದ್ದಾನೋ ಇಲ್ಲವೋ ಅನುಮಾನ. ಬದುಕಿದ್ದಾನೋ ಸತ್ತಿದ್ದಾನೋ ಅನುಮಾನ. ಯಹೂದಿಯೋ ಅನ್ಯನೋ ಅದೂ ಅನುಮಾನ. ಆದರೂ ಕಲ್ಲುಮಣ್ಣು ಸರಿಸಿ ಹುಡುಕಬೇಕು. ಒಂದರ ಮೇಲೊಂದು ಮೂರು ಅನುಮಾನ ಪೇರಿಸಿದರೂ ಅಗೆಯುವುದನ್ನು ನಿಲ್ಲಿಸುವಂತಿಲ್ಲ. ಒಳಗೆ ಯಾರೂ ಇರಲಿಲ್ಲ ಎಂದು ಆಮೇಲೆ ಗೊತ್ತಾದರೆ ಅಗೆದವನು ತಪ್ಪು ಮಾಡಿದಂತಲ್ಲ. ವೂಸ್ಟರ್‌ನ ಮೊದಲ ಇಬ್ಬರು ಮಾಡಿದ್ದು ಇದನ್ನೇ.

ಬಾಗಿಲಿಗೆ ಅಡ್ಡ ನಿಂತ ಅಧಿಕಾರಿಯದು? ಅದು ಅಕಿವಾ ಮಾತು, ಇಬ್ನ್ ಝಿಮ್ರಾ ಅವರ ತೂಕ. ಒಳಗೆ ಹೋದವರ ಧೈರ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಆ ರಾತ್ರಿಯ ಅತ್ಯಂತ ಕಷ್ಟದ ಕೆಲಸ ಆ ಬಾಗಿಲಲ್ಲಿ ನಡೆಯಿತು ಅನ್ನಿಸುತ್ತದೆ. ತನ್ನ ಹುಡುಗರು ಒಳಗೆ ಸಾಯುತ್ತಿದ್ದಾರೆ ಎಂದು ಗೊತ್ತಿದ್ದೂ, ಕಾಪಾಡಲು ಹೊರಟ ಇನ್ನಷ್ಟು ಹುಡುಗರನ್ನು ತಡೆಯಬೇಕು. ಯಹೂದಿ ಶಾಸ್ತ್ರ ಇವೆರಡರಲ್ಲಿ ಒಂದನ್ನು ಮಾತ್ರ ಪುಣ್ಯ ಎಂದು ಆರಿಸಿಕೊಳ್ಳುವುದಿಲ್ಲ.

27ನೇ ಮಹಡಿಯ ಮಾತಿಗೆ ಬಂದರೆ, 9:59ರ ತನಕ ಗೋಪುರ ಬೀಳಬಹುದೆಂದು ಬಹುತೇಕ ಯಾರೂ ಎಣಿಸಿರಲಿಲ್ಲ. ಬದುಕುವ ಕಡೆಗೇ ತಕ್ಕಡಿ ವಾಲಿದೆ ಎಂದು ಏಬ್ ಅಂದುಕೊಂಡಿದ್ದರೆ ಅದರಲ್ಲಿ ಮೂರ್ಖತನ ಇಲ್ಲ. ಬರ್ಕ್ ಅವರದು ಬೇರೆ. ತಂಡದವರನ್ನು ಕೆಳಗೆ ಕಳಿಸಿದರು ಅಂದರೆ ಅಪಾಯ ಅವರಿಗೆ ಅರ್ಥವಾಗಿತ್ತು. ಹುಡುಗರ ವಿಷಯದಲ್ಲಿ ಅಕಿವಾ ಮಾತು, ತಮ್ಮ ವಿಷಯದಲ್ಲಿ ಬೆನ್ ಪೆತುರಾ ಮಾತು. ಆ ಎರಡು ಹೆಸರನ್ನೂ ಅವರು ಕೇಳಿರಬೇಕೆಂದೇನೂ ಇಲ್ಲ.

ಇಂಥವರ ಬಗ್ಗೆಯೂ ಟಾಲ್ಮಡ್‌ನಲ್ಲಿ ಮಾತಿದೆ. ಲೋದ್ ಪಟ್ಟಣದಲ್ಲಿ ಕೊಲ್ಲಲ್ಪಟ್ಟವರ ಸಮೀಪಕ್ಕೆ ಪರಲೋಕದಲ್ಲಿ ಬೇರೆ ಯಾರೂ ನಿಲ್ಲಲಾರರು ಎನ್ನುತ್ತದೆ ಅದು. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಅದರ ಹಿಂದಿನ ಕಥೆ ಹೇಳುತ್ತಾರೆ. ಒಬ್ಬ ರಾಜಕುಮಾರಿಯ ಕೊಲೆಯಾಗಿ, ತಪ್ಪು ಇಡೀ ಯಹೂದಿ ಜನರ ಮೇಲೆ ಬಂದಿತ್ತು. ಇಬ್ಬರು ಸಹೋದರರು ಮುಂದೆ ಬಂದು, ಮಾಡದ ಕೊಲೆಯನ್ನು ಒಪ್ಪಿಕೊಂಡು, ಉಳಿದವರನ್ನು ಉಳಿಸಿದರು. ಹೀಗೆ ಮಾಡು ಎಂದು ಯಾವ ನಿಯಮವೂ ಯಾರಿಗೂ ಹೇಳುವುದಿಲ್ಲ. ಮಾಡಿದವರಿಗೆ ಮಾತ್ರ ಎಲ್ಲರಿಗಿಂತ ಎತ್ತರದ ಜಾಗ. ಕೇಳುವ ಹಕ್ಕು ಸಮುದಾಯಕ್ಕೆ ಇಲ್ಲ ಎಂಬುದು ಇದರ ಇನ್ನೊಂದು ಮಗ್ಗುಲು. "ನೀನು ಹೀರೋ, ಹೋಗಿ ಸಾಯಿ" ಎಂದು ಬೇರೆಯವರ ಮಕ್ಕಳಿಗೆ ಹೇಳುವುದು ಬಹಳ ಸುಲಭ.

ಸಬ್ಬತ್ ದಿನ ಬೆಂಕಿ ಬಿದ್ದರೆ? ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಮಾಡಬಾರದ 39 ಬಗೆಯ ಕೆಲಸಗಳಲ್ಲಿ ಬೆಂಕಿ ಹಚ್ಚುವುದೂ ಇದೆ, ಆರಿಸುವುದೂ ಇದೆ. ಜೀವಕ್ಕೆ ಅಪಾಯ ಇದ್ದರೆ ಪ್ರಶ್ನೆಯೇ ಇಲ್ಲ, ಆರಿಸಬೇಕು. ಬರೀ ಆಸ್ತಿ ಸುಡುತ್ತಿದ್ದರೆ ಹಳೆಯ ನಿಯಮ ಬಿಗಿಯಾಗಿತ್ತು. ಶಿಖಿನ್ ಎಂಬ ಊರಲ್ಲಿ ಯೋಸೆಫ್ ಬೆನ್ ಸಿಮಾಯ್ ಎಂಬವನ ಅಂಗಳಕ್ಕೆ ಸಬ್ಬತ್ ದಿನವೇ ಬೆಂಕಿ ಬಿತ್ತು. ಅವನು ರಾಜನ ಮೇಲ್ವಿಚಾರಕ. ಹಾಗಾಗಿ ಸೆಪೋರಿಸ್ ಪಟ್ಟಣದ ಕಾವಲು ಸೈನಿಕರೇ ಆರಿಸಲು ಓಡಿಬಂದರು. ಸಬ್ಬತ್ ಗೌರವಕ್ಕೆ ಅವನು ಬೇಡ ಎಂದು ತಡೆದ. ಪವಾಡವೆಂಬಂತೆ ಮಳೆ ಬಂದು ಬೆಂಕಿ ಆರಿತು. ಅವತ್ತು ಸಂಜೆ ಅವನು ಪ್ರತಿ ಸೈನಿಕನಿಗೆ ಎರಡು ಬೆಳ್ಳಿ ನಾಣ್ಯ, ಅವರ ನಾಯಕನಿಗೆ 50 ಕಳಿಸಿದ. ಪಂಡಿತರು ಇದನ್ನು ಕೇಳಿ, ಅನ್ಯರು ತಾವಾಗಿಯೇ ಆರಿಸಲು ಬಂದರೆ ತಡೆಯುವ ಅಗತ್ಯ ಇರಲಿಲ್ಲ ಎಂದರು. ಕಥೆಯಲ್ಲಿ ನನಗೆ ಹಿಡಿಸಿದ್ದು ಮಳೆಯಲ್ಲ, ಆ ನಾಣ್ಯಗಳು. ಕೆಲಸ ಬೇಡ ಎಂದವನೂ ಓಡಿಬಂದವರ ಕೈ ಬರಿದಾಗಿ ಕಳಿಸಲಿಲ್ಲ.

ಓಡಿಬಂದವರಿಗೆ ಏನು ಕೊಡಬೇಕು ಎಂಬ ವಿಚಾರದಲ್ಲಿ ಪಂಡಿತರು ಆಮೇಲೂ ಬಹಳ ತಲೆ ಕೆಡಿಸಿಕೊಂಡರು. ಸಬ್ಬತ್ ದಿನ ಒಬ್ಬ ತನ್ನ ಊರಿನ ಗಡಿಯಿಂದ 2,000 ಮೊಳಕ್ಕಿಂತ, ಅಂದರೆ ಸುಮಾರು 1 ಕಿ.ಮೀ.ಗಿಂತ ದೂರ ನಡೆಯಬಾರದು. ಜೀವ ಉಳಿಸಲು ಎಷ್ಟು ದೂರ ಬೇಕಾದರೂ ಹೋಗಬಹುದು. ಹೋದ ಮೇಲೆ? ಕೆಲಸ ಮುಗಿಯಿತು, ಈಗ ಅವನು ಹೊರ ಊರಿನಲ್ಲಿ ಸಿಕ್ಕಿಬಿದ್ದ. ಕಟ್ಟುನಿಟ್ಟಾಗಿ ನೋಡಿದರೆ ನಿಂತ ಜಾಗದಿಂದ ಕದಲುವಂತಿಲ್ಲ. ಹಿರಿಯ ರಬ್ಬಾನ್ ಗಮ್ಲಿಯೆಲ್ ಇದನ್ನು ಸಡಿಲಿಸಿದರು. ಮಿಷ್ನಾ ಪಟ್ಟಿ ಕೊಡುತ್ತದೆ: ಹೆರಿಗೆ ಮಾಡಿಸಲು ಬಂದ ಸೂಲಗಿತ್ತಿ, ಬೆಂಕಿಯಿಂದ ಕಾಪಾಡಲು ಬಂದವರು, ದಂಡಿನಿಂದ, ನದಿಯಿಂದ, ಕುಸಿದ ಕಟ್ಟಡದಿಂದ ಕಾಪಾಡಲು ಬಂದವರು. ಇವರೆಲ್ಲ ತಾವು ಬಂದು ಸೇರಿದ ಊರಿನವರೇ ಎಂದು ಲೆಕ್ಕ. ಆ ಊರಿನವರ ಹಾಗೆ ಎಲ್ಲ ದಿಕ್ಕಿಗೂ 2,000 ಮೊಳ ಓಡಾಡಬಹುದು. ಬೆಂಕಿ ಆರಿಸಲು ಬಂದವನು ಪರಕೀಯನಲ್ಲ. ಅವನು ಈ ಊರಿನ ಮನುಷ್ಯ.

ಮನೆಗೆ ವಾಪಸ್ ಹೋಗುವ ಬಗ್ಗೆ ಟಾಲ್ಮಡ್‌ನಲ್ಲಿ ಇನ್ನೊಂದು ಕಹಿ ನೆನಪಿದೆ. ಸಬ್ಬತ್ ದಿನ ಶತ್ರುಗಳನ್ನು ಓಡಿಸಲು ಹೋದವರು ಹಿಂದೆ ತಮ್ಮ ಆಯುಧಗಳನ್ನು ಕೋಟೆಗೋಡೆಯ ಪಕ್ಕದ ಮನೆಯೊಂದರಲ್ಲಿ ಇಟ್ಟು ಬರಿಗೈಲಿ ಮನೆಗೆ ಹೋಗುತ್ತಿದ್ದರಂತೆ. ಆಯುಧ ಹೊತ್ತು ನಡೆದರೆ ಸಬ್ಬತ್ ಮುರಿಯುತ್ತದಲ್ಲ, ಅದಕ್ಕೆ. ಒಮ್ಮೆ ಶತ್ರುಗಳು ಇದನ್ನು ಕಂಡುಕೊಂಡು ಬೆನ್ನಟ್ಟಿದರು. ಆಯುಧ ತೆಗೆದುಕೊಳ್ಳಲು ಎಲ್ಲರೂ ಆ ಮನೆಗೆ ನುಗ್ಗಿದರು. ನೂಕುನುಗ್ಗಲಿನಲ್ಲಿ ಶತ್ರುಗಳು ಕೊಂದದ್ದಕ್ಕಿಂತ ಹೆಚ್ಚು ಜನ ತಮ್ಮವರಿಂದಲೇ ಸತ್ತರು. ಅಂದಿನಿಂದ ಆಯುಧದ ಸಮೇತ ಮನೆಗೆ ಬರಲಿ ಎಂದು ನಿಯಮ ಬದಲಾಯಿತು. 12ನೇ ಶತಮಾನದ ಶಾಸ್ತ್ರಕಾರ ಮೈಮೊನಿಡಿಸ್ ಇದಕ್ಕೆ ಕಾರಣ ಬರೆದರು: ಮುಂದಿನ ಸಲ ಅವರು ಹಿಂಜರಿಯುವಂತೆ ಆಗಬಾರದು.

ಈ ಒಂದು ಕಾರಣ ನ್ಯೂಯಾರ್ಕ್‌ನ ರಸ್ತೆಗಳವರೆಗೂ ಬಂದಿದೆ. ಯಹೂದಿ ಸ್ವಯಂಸೇವಕರ ಆಂಬುಲೆನ್ಸ್ ಸಂಸ್ಥೆ ಹತ್ಸೋಲಾ. ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಸಬ್ಬತ್ ದಿನ ಗಾಡಿ ಓಡಿಸಬಹುದು, ಸರಿ. ಮುಟ್ಟಿಸಿದ ಮೇಲೆ ಗಾಡಿಯಲ್ಲೇ ಮನೆಗೆ ಬರಬಹುದೇ? ಬರಬಹುದು ಎಂದರು ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್. ಹೆಂಡತಿ ಮಕ್ಕಳನ್ನು ಬಿಟ್ಟು ಇಡೀ ದಿನ ಆಸ್ಪತ್ರೆಯಲ್ಲಿ ಕೂರಬೇಕಾದರೆ ಮುಂದಿನ ಕರೆಗೆ ಅವನು ಏಳುತ್ತಾನೆಯೇ? ಜೆರುಸಲೇಮ್‌ನ ರಬ್ಬಿ ಶ್ಲೋಮೋ ಝಲ್ಮನ್ ಔಯರ್‌ಬಾಕ್ ಇಷ್ಟು ಸಡಿಲ ಬಿಡಲು ಒಪ್ಪಲಿಲ್ಲ. ಚರ್ಚೆ ಇನ್ನೂ ನಡೆದೇ ಇದೆ.

ಮುರಿದ ಬಾಗಿಲಿನ ಲೆಕ್ಕವೂ ಇದೇ ದಾರಿಯಲ್ಲಿ ಹೋಗುತ್ತದೆ. ಕೊಲೆಗಾರನನ್ನು ಬೆನ್ನಟ್ಟಿ ಒಬ್ಬನನ್ನು ಉಳಿಸಲು ಹೋದವನು ದಾರಿಯಲ್ಲಿ ಯಾರದ್ದಾದರೂ ಪಾತ್ರೆ ಪಡಗ ಒಡೆದರೆ ದಂಡ ಕಟ್ಟಬೇಕಿಲ್ಲ. ನ್ಯಾಯವಾಗಿ ನೋಡಿದರೆ ಕಟ್ಟಬೇಕಿತ್ತು, ಕಟ್ಟಿಸಿದರೆ ನಾಳೆ ಯಾರೂ ಯಾರನ್ನೂ ಕಾಪಾಡುವುದಿಲ್ಲ ಎಂದು ಟಾಲ್ಮಡ್ ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪಿಕೊಳ್ಳುತ್ತದೆ.

ಇನ್ನು ಕೂಲಿ. ಮೋಶೆಯ ಐದು ಗ್ರಂಥಗಳಲ್ಲಿ ಕೊನೆಯದಾದ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಕೂಲಿಯಾಳಿಗೆ ಅದೇ ದಿನ, ಸೂರ್ಯ ಮುಳುಗುವ ಮೊದಲು ಕೂಲಿ ಕೊಡು ಎನ್ನುತ್ತದೆ. ಅವನು ತನ್ನ ಪ್ರಾಣವನ್ನೇ ಅದರ ಮೇಲೆ ಇಟ್ಟಿದ್ದಾನೆ ಎಂಬ ಕಾರಣವನ್ನೂ ಕೊಡುತ್ತದೆ. ಟಾಲ್ಮಡ್ ಕೇಳುತ್ತದೆ: ಇವನು ಯಾಕೆ ಏಣಿ ಹತ್ತಿದ, ಯಾಕೆ ಮರಕ್ಕೆ ಜೋತುಬಿದ್ದ, ಯಾಕೆ ಸಾವಿಗೆ ಮೈಯೊಡ್ಡಿದ? ಕೂಲಿಗಾಗಿ ಅಲ್ಲವೇ? ಬೇರೆಯವರಿಗಾಗಿ ಏಣಿ ಹತ್ತುವವರ ಬಾಕಿ ತಡ ಮಾಡಬಾರದು ಅಂತ.

ನ್ಯೂಯಾರ್ಕ್‌ನಲ್ಲಿ ಆದದ್ದು ನೋಡಿ. ಗೋಪುರಗಳ ಅವಶೇಷದಲ್ಲಿ ತಿಂಗಳುಗಟ್ಟಲೆ ದೇಹಗಳಿಗಾಗಿ ಹುಡುಕಿದವರ ಎದೆಯೊಳಗೆ ಆ ಧೂಳು ಸೇರಿತು. ಶ್ವಾಸಕೋಶದ ಕಾಯಿಲೆ ಬಂತು, ಕ್ಯಾನ್ಸರ್ ಬಂತು. ಅವರ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ಮಾಡಿದ ಝಡ್ರೋಗಾ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2011ರ ಜನವರಿ 2ರಂದು. ಒಂಬತ್ತು ವರ್ಷ ದಾಟಿತ್ತು. ಕ್ಯಾನ್ಸರ್ ಅದರ ವ್ಯಾಪ್ತಿಗೆ ಬಂದದ್ದು 2012ರಲ್ಲಿ. ಪರಿಹಾರ ನಿಧಿ ಖಾಲಿಯಾಗದಂತೆ ಕಾಯಂ ಏರ್ಪಾಡು ಆದದ್ದು 2019ರಲ್ಲಿ, ಕಾಯಿಲೆಬಿದ್ದವರೇ ವಾಷಿಂಗ್ಟನ್‌ಗೆ ಹೋಗಿ ಮತ್ತೆ ಮತ್ತೆ ಬೇಡಿಕೊಂಡ ಮೇಲೆ. 2023ರ ಹೊತ್ತಿಗೆ ಆ ಧೂಳಿನ ಕಾಯಿಲೆಗಳಿಂದ ಸತ್ತ ಅಗ್ನಿಶಾಮಕ ಇಲಾಖೆಯವರ ಸಂಖ್ಯೆಯೂ 343 ಮುಟ್ಟಿತು. ಸೂರ್ಯ ಮುಳುಗುವ ಮೊದಲು ಎಂಬ ಮಾತಿನ ಪಕ್ಕ ಈ ತಾರೀಖುಗಳನ್ನು ಇಟ್ಟು ನೋಡಿದರೆ ಭಾಷಣಗಳೆಲ್ಲ ಬಹಳ ಅಗ್ಗ ಅನ್ನಿಸುತ್ತವೆ.

ಇದು ಅಮೆರಿಕ ಸರ್ಕಾರದ ಕಥೆ, ಯಹೂದಿ ರಾಷ್ಟ್ರದಲ್ಲಿ ಹಾಗಾಗಲಿಕ್ಕಿಲ್ಲ ಎಂದು ಯಾರಾದರೂ ಅಂದುಕೊಂಡರೆ 2010ರ ಡಿಸೆಂಬರ್ 2 ಇದೆ. ದೀಪಗಳ ಹಬ್ಬ ಹನುಕ್ಕಾ ಆಗಷ್ಟೇ ಶುರುವಾಗಿತ್ತು. ಇಸ್ರೇಲ್‌ನ ಹೈಫಾ ಪಕ್ಕದ ಕಾರ್ಮೆಲ್ ಬೆಟ್ಟದ ಕಾಡಿಗೆ ಬೆಂಕಿ ಬಿತ್ತು. ದಾಮೋನ್ ಜೈಲಿನ ಕೈದಿಗಳನ್ನು ಖಾಲಿ ಮಾಡಿಸಲು ಕಾರಾಗೃಹ ಇಲಾಖೆಯ ತರಬೇತಿಯಲ್ಲಿದ್ದವರು ಬಸ್ಸಿನಲ್ಲಿ ಹೊರಟಿದ್ದರು. ರಸ್ತೆಯಲ್ಲೇ ಬೆಂಕಿ ಅವರನ್ನು ಸುತ್ತುಗಟ್ಟಿತು. ಒಟ್ಟು 44 ಸಾವು. ಅವರಲ್ಲಿ ಎಲಾದ್ ರಿವೆನ್ ಕೂಡ ಒಬ್ಬ. ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕನಾಗಿದ್ದ ಹೈಫಾ ಹುಡುಗ. ವಯಸ್ಸು 16. ಹೈಫಾ ಪೊಲೀಸ್ ಮುಖ್ಯಸ್ಥೆ ಅಹುವಾ ತೋಮೆರ್ ಕೂಡ ಕೆಲವು ದಿನಗಳಾದ ಮೇಲೆ ತೀರಿಕೊಂಡರು.

ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ ಒಂದು ವಿಚಿತ್ರ ವಿಧಿ ಇದೆ. ಬಯಲಲ್ಲಿ ಒಂದು ಹೆಣ ಸಿಕ್ಕಿದೆ, ಕೊಂದವರು ಯಾರೋ ಗೊತ್ತಿಲ್ಲ. ಆಗ ಅಳತೆ ಮಾಡಿ ಹತ್ತಿರದ ಊರು ಯಾವುದೆಂದು ನೋಡಬೇಕು. ಆ ಊರಿನ ಹಿರಿಯರು ಕೈ ತೊಳೆದು "ಈ ರಕ್ತ ನಮ್ಮ ಕೈ ಸುರಿಸಿದ್ದಲ್ಲ" ಎಂದು ಹೇಳಬೇಕು. ಮಿಷ್ನಾ ಅಚ್ಚರಿಪಡುತ್ತದೆ: ಊರ ಹಿರಿಯರು ಕೊಲೆಗಾರರು ಎಂದು ಯಾರಾದರೂ ಅಂದುಕೊಂಡಿದ್ದರೇ? ಅವರು ಹೇಳಬೇಕಾದ್ದು ಬೇರೆ. ಇವನು ನಮ್ಮಲ್ಲಿಗೆ ಬಂದಾಗ ಊಟವಿಲ್ಲದೆ ಕಳಿಸಲಿಲ್ಲ, ಜೊತೆಗೆ ಜನ ಕೊಡದೆ ದಾರಿಗೆ ಬಿಡಲಿಲ್ಲ.

ಕಾರ್ಮೆಲ್ ವಿಷಯದಲ್ಲಿ ಇಸ್ರೇಲ್‌ನ ಹಿರಿಯರಿಗೆ ಹಾಗೆ ಹೇಳಲು ಆಗಲಿಲ್ಲ. ಸಿಬ್ಬಂದಿ ಕಡಿಮೆ, ಸಲಕರಣೆ ಹಳೆಯದು ಎಂದು ದಳದವರು ವರ್ಷಗಳಿಂದ ಕೂಗುತ್ತಲೇ ಇದ್ದರು. ಬೆಂಕಿ ಆರಿಸುವ ವಿಮಾನಗಳಿಗಾಗಿ ಬೇರೆ ದೇಶಗಳ ಕೈ ಹಿಡಿಯಬೇಕಾಯಿತು. ಪ್ಯಾಲೆಸ್ಟೀನಿ ಆಡಳಿತವೂ ತನ್ನ ಫೈರ್ ಎಂಜಿನ್ ಕಳಿಸಿತು. ಸರ್ಕಾರದ ಲೆಕ್ಕಪತ್ರಗಳನ್ನು ತಪಾಸಣೆ ಮಾಡುವ ಅಧಿಕಾರಿ 2012ರಲ್ಲಿ ಕೊಟ್ಟ ವರದಿ, ಗೃಹ ಸಚಿವ ಮತ್ತು ಹಣಕಾಸು ಸಚಿವರ ಮೇಲೆ ವಿಶೇಷ ಹೊಣೆ ಹೊರಿಸಿತು. ಊರೂರಿಗೆ ಹಂಚಿಹೋಗಿದ್ದ ಅಗ್ನಿಶಾಮಕ ದಳಗಳನ್ನು ಒಂದೇ ರಾಷ್ಟ್ರೀಯ ಸಂಸ್ಥೆಯ ಕೆಳಗೆ ತರುವ ಕಾನೂನೂ ಅದೇ ವರ್ಷ ಬಂತು. ಬೆಂಕಿ ಆರಿಸುವ ಸಣ್ಣ ವಿಮಾನಗಳ ಒಂದು ತುಕಡಿ ಕಟ್ಟಿ ಅದಕ್ಕೆ ಎಲಾದ್ ಹೆಸರಿಟ್ಟರು.

2016ರ ನವೆಂಬರ್‌ನಲ್ಲಿ ಹೈಫಾಗೆ ಮತ್ತೆ ಬೆಂಕಿ ಬಂತು. ಈ ಸಲ ಊರಿನ ಬೀದಿಗಳಿಗೇ ನುಗ್ಗಿತು. 60 ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಖಾಲಿ ಮಾಡಿಸಬೇಕಾಯಿತು. ಒಬ್ಬರೂ ಸಾಯಲಿಲ್ಲ. ವಿಮಾನಗಳನ್ನು ಮಾತ್ರ ಈ ಸಲವೂ ಹೊರದೇಶಗಳಿಂದ ಕರೆಸಲೇಬೇಕಾಯಿತು.